ಗುರುಗಳನ್ನು ಪ್ರಶ್ನಿಸಿದರೆ ಗುರುದ್ರೋಹವೇ?

ಪ್ರಶ್ನೆ: ನಮ್ಮದು ಮುಧೋಳ ತಾಲೂಕಿನ ಒಂದು ಹಳ್ಳಿ. ಯಜಮಾನರಿಗೆ 52 ವರ್ಷ. ಒಂಬತ್ತು ವರ್ಷದಿಂದ ಸಕ್ಕರೆ ಕಾಯಿಲೆ; ಮೆಟ್‌ಫಾರ್ಮಿನ್, ಗ್ಲಿಮೆಪಿರೈಡ್ ಮಾತ್ರೆ ತೆಗೆದುಕೊಳ್ಳುತ್ತಿದ್ದರು. ಎರಡು ವರ್ಷದ ಹಿಂದೆ ಒಬ್ಬ ಅಜ್ಜಾವರಿಗೆ (ಸ್ವಾಮಿಗಳಿಗೆ) ನಡೆದುಕೊಳ್ಳಲು ಶುರು ಮಾಡಿದರು. ಅಲ್ಲಿಗೆ ಹೋದ ಮೇಲೆ ಕುಡಿತ, ಗುಟ್ಕಾ ಎರಡೂ ಬಿಟ್ಟರು. ಅದಕ್ಕೆ ನಾನೂ ಕೈ ಮುಗಿದೆ. ಐದು ತಿಂಗಳ ಹಿಂದೆ ಮಾತ್ರೆ ಬಿಡಿಸಿ ಕಷಾಯದ ಪುಡಿ ಕೊಟ್ಟರು. ಹೋದ ವಾರ ಖಾಲಿ ಹೊಟ್ಟೆಯ ಸಕ್ಕರೆ 280 ಬಂತು. ಈಗ ಆಶ್ರಮದ ಹೆಸರಿಗೆ ಎರಡು ಎಕರೆ ಬರೆದುಕೊಡುವ ಮಾತು ನಡೆದಿದೆ. ಬಿಎಸ್ಸಿ ಓದುವ 20 ವರ್ಷದ ಮಗಳನ್ನು ಒಂದು ವರ್ಷ ಸೇವೆಗೆ ಕಳಿಸಬೇಕಂತೆ. ಏನು ಕೇಳಿದರೂ ‘ಗುರುದ್ರೋಹ, ಮನೆತನಕ್ಕೆ ಶಾಪ ತಟ್ಟುತ್ತದೆ’ ಎನ್ನುತ್ತಾರೆ. ನಾನು ದೇವರು ದಿಂಡರು ಮಾಡುವವಳೇ. ಖರೆ ಹೇಳಬೇಕೆಂದರೆ ನನಗೂ ಒಳಗೊಳಗೆ ಹೆದರಿಕೆ. ಪ್ರಶ್ನೆ ಮಾಡುವುದು ತಪ್ಪೇ? ಅವರನ್ನು ಅಲ್ಲಿಂದ ಬಿಡಿಸುವುದು ಹೇಗೆ?

ಮನೋವೈದ್ಯರ ಉತ್ತರ: ಕೊನೆಯ ಎರಡು ಪ್ರಶ್ನೆಗಳಿಗೆ ಆಮೇಲೆ ಬರೋಣ. ಮೊದಲು ಆ 280.

ಈ ಅಂಕಿ ಇಟ್ಟುಕೊಂಡೂ ಮನುಷ್ಯ ಹೊಲಕ್ಕೆ ಹೋಗಿ ಬರುತ್ತಾನೆ, ಊಟ ಸೇರುತ್ತದೆ, ನಿದ್ದೆ ಬರುತ್ತದೆ. ಇದರ ಮೋಸ ಇರುವುದೇ ಅಲ್ಲಿ. ಒಳಗೆ ಕಣ್ಣಿನ ಪರದೆ, ಮೂತ್ರಪಿಂಡ, ಪಾದದ ನರಗಳು ಸವೆಯುತ್ತಿರುತ್ತವೆ. ಈ ವಾರದೊಳಗೆ ವೈದ್ಯರನ್ನು ಕಾಣಬೇಕು. ವಾಂತಿ, ಹೊಟ್ಟೆನೋವು, ಏದುಸಿರು, ಮಂಪರು, ಕಾಲಿನಲ್ಲಿ ಮಾಯದ ಗಾಯ ಇವುಗಳಲ್ಲಿ ಒಂದು ಕಂಡರೂ, ಅಥವಾ ಸಕ್ಕರೆ ಎರಡು ಸಲ 300 ದಾಟಿದರೂ ಅವತ್ತೇ ಆಸ್ಪತ್ರೆಗೆ ಕರೆದೊಯ್ಯಿರಿ.

ಹಾಗಂತ ಹಳೆಯ ಚೀಟಿ ಹುಡುಕಿ, ಹಳೆಯ ಲೆಕ್ಕದಲ್ಲೇ ಮಾತ್ರೆ ಶುರು ಮಾಡಿಸಬೇಡಿ. ಐದು ತಿಂಗಳಲ್ಲಿ ಮೂತ್ರಪಿಂಡದ ಸ್ಥಿತಿ ಬದಲಾಗಿರಬಹುದು; ರಕ್ತದ ಕ್ರಿಯಾಟಿನಿನ್ ನೋಡಿಯೇ ಮೆಟ್‌ಫಾರ್ಮಿನ್ ಮತ್ತೆ ಕೊಡಬೇಕು. ಆಶ್ರಮದಲ್ಲಿ ಒಪ್ಪೊತ್ತು, ಉಪವಾಸ ನಡೆಸುತ್ತಿದ್ದರೆ ಗ್ಲಿಮೆಪಿರೈಡ್ ಇನ್ನೂ ಅಪಾಯಕಾರಿ. ಹೊಟ್ಟೆಗೆ ಬೀಳದ ದಿನ ಅದು ಸಕ್ಕರೆಯನ್ನು ಎಚ್ಚರ ತಪ್ಪುವಷ್ಟು ಇಳಿಸಬಲ್ಲದು. ಇದೇ ಕಾರಣಕ್ಕೆ ಇನ್ನೊಂದು ಮಾತು. ಬಹಳ ಮನೆಗಳಲ್ಲಿ ಹೆಣ್ಣುಮಕ್ಕಳು ಬೇರೆ ದಾರಿ ಕಾಣದೆ ಮಾತ್ರೆ ಕುಟ್ಟಿ ಸಾರಿನಲ್ಲೋ ಹಿಟ್ಟಿನಲ್ಲೋ ಬೆರೆಸುತ್ತಾರೆ. ಮಾಡಬೇಡಿ. ಎಷ್ಟು ಉಂಡರು ಎಂಬ ಲೆಕ್ಕ ಸಿಗುವುದಿಲ್ಲ, ಸಕ್ಕರೆ ಇಳಿದರೆ ಕಾರಣ ಯಾರಿಗೂ ತಿಳಿಯುವುದಿಲ್ಲ, ಗೊತ್ತಾದ ದಿನ ನಿಮ್ಮ ಕೈಯ ನೀರನ್ನೂ ಅವರು ಮುಟ್ಟುವುದಿಲ್ಲ.

ಕಷಾಯದ ಪುಡಿಯ ಪೊಟ್ಟಣವನ್ನು ವೈದ್ಯರ ಬಳಿ ಒಯ್ಯಿರಿ. ಹೆಸರು, ಪಟ್ಟಿ ಇಲ್ಲದ ಪುಡಿಗಳಲ್ಲಿ ಸ್ಟೀರಾಯ್ಡ್, ಸೀಸ, ಕೆಲವೊಮ್ಮೆ ಸಕ್ಕರೆ ಕಾಯಿಲೆಯ ಇಂಗ್ಲಿಷ್ ಮಾತ್ರೆಯೇ ಸಿಕ್ಕಿದ ವರದಿಗಳಿವೆ. ಪುಡಿ ಶುರುವಾದ ಮೇಲೆ ಮೊಣಕಾಲು ನೋವು ಮಾಯವಾಗಿ, ಹಸಿವು ಹೆಚ್ಚಾಗಿ, ಮುಖ ದುಂಡಗಾಗಿದ್ದರೆ ಸ್ಟೀರಾಯ್ಡಿನ ಸಂಶಯ ಬರಬೇಕು. ಸ್ಟೀರಾಯ್ಡ್ ತಾನೇ ಸಕ್ಕರೆ ಏರಿಸುತ್ತದೆ. ಆದರೆ ತಿಂಗಳುಗಟ್ಟಲೆ ತಿಂದದ್ದನ್ನು ಒಂದೇ ದಿನ ನಿಲ್ಲಿಸಿದರೆ ರಕ್ತದೊತ್ತಡ ಕುಸಿಯುವ ಅಪಾಯವಿದೆ. ಹಾಗಾಗಿ ಅದನ್ನು ನಿಲ್ಲಿಸುವುದೂ ವೈದ್ಯರು ಹೇಳಿದ ಕ್ರಮದಲ್ಲೇ ಆಗಬೇಕು.

ಇನ್ನು ನಿಮ್ಮ ಚಿಂತೆಗೆ ಬರೋಣ. ‘ಗುರುವೋ, ನಾನೋ’ ಎಂಬ ಒಂದೇ ಜಗಳದಂತೆ ನೀವು ಇದನ್ನು ಬರೆದಿದ್ದೀರಿ. ಆದರೆ ಪತ್ರದಲ್ಲಿ ಬೇರೆ ಬೇರೆ ಸಂಗತಿಗಳಿವೆ: ವ್ಯಸನ, ಸಕ್ಕರೆ, ಹೊಲ, ಮಗಳು, ನಿಮ್ಮ ಹೆದರಿಕೆ. ವ್ಯಸನದ ವಿಷಯದಲ್ಲಿ ಆ ಗುರುಗಳಿಂದ ಉಪಕಾರವಾಗಿದೆ, ಇದು ಸುಳ್ಳಲ್ಲ. ವೈದ್ಯರಿಗೂ ಬಿಡಿಸಲು ಕಷ್ಟವಾಗುವುದನ್ನು ಒಂದು ಗುಂಪು, ಒಂದು ನೇಮ, ಒಬ್ಬ ಹಿರಿಯರ ಮೇಲಿನ ಗೌರವ ಬಿಡಿಸುವುದುಂಟು. ಎಡವಟ್ಟಾಗಿರುವುದು ಮುಂದೆ. ಕುಡಿತ ಬಿಡಿಸಿದ ಋಣವನ್ನು ಈಗ ಸಕ್ಕರೆಯಲ್ಲಿ, ಹೊಲದಲ್ಲಿ, ಮಗಳಲ್ಲಿ ವಸೂಲು ಮಾಡಲಾಗುತ್ತಿದೆ. ಮನಸ್ಸಿಗೆ ಸಮಾಧಾನ ಕೊಡಬಲ್ಲವರಿಗೆ ಮೂತ್ರಪಿಂಡದ ವಿಷಯ ಗೊತ್ತಿರಬೇಕೆಂದೇನೂ ಇಲ್ಲ. ಒಂದೊಂದನ್ನೂ ಅದರದರ ಅಳತೆಯಲ್ಲಿ ಅಳೆಯಬೇಕು. ನಿಮ್ಮ ಯಜಮಾನರಿಗೂ ಈ ಮಾತು ‘ಗುರುವನ್ನು ಬಿಡಿ’ ಎನ್ನುವುದಕ್ಕಿಂತ ಬೇಗ ಒಪ್ಪಿಗೆಯಾಗುತ್ತದೆ.

ಪ್ರಶ್ನೆ ಮಾಡುವುದು ತಪ್ಪಲ್ಲ. ಅದರಲ್ಲೂ ನಮ್ಮ ಸೀಮೆಯಲ್ಲಿ ಇದನ್ನು ತಪ್ಪೆನ್ನುವವರಿಗೆ ಊರಿನ ನೆನಪೇ ಇಲ್ಲ ಎನ್ನಬೇಕು. ಬಸವನ ಬಾಗೇವಾಡಿಯ ಹುಡುಗ ಜನಿವಾರ ಬೇಡವೆಂದು ಮನೆ ಬಿಟ್ಟು ಕೂಡಲಸಂಗಮಕ್ಕೆ ನಡೆದ ಕಥೆಯನ್ನು ನಾವು ಮಕ್ಕಳಿಗೆ ಹೆಮ್ಮೆಯಿಂದ ಹೇಳುತ್ತೇವೆ. ‘ಅರಿವೇ ಗುರು’ ಎಂದು ಮನೆಯ ಬಾಗಿಲ ಮೇಲೆ ಬರೆಸುತ್ತೇವೆ. ಹತ್ತಿರದ ಕಾಲದ ಉದಾಹರಣೆ ಬೇಕಿದ್ದರೆ ವಿಜಯಪುರದ ಜ್ಞಾನಯೋಗಾಶ್ರಮದ ಸಿದ್ಧೇಶ್ವರ ಸ್ವಾಮೀಜಿ ಇದ್ದಾರೆ. ತೊಡುತ್ತಿದ್ದುದು ಜೇಬಿಲ್ಲದ ಅಂಗಿ. 2018ರಲ್ಲಿ ಪದ್ಮಶ್ರೀ ಬೇಡವೆಂದರು. ತಮ್ಮ ದೇಹಕ್ಕೆ ಅಗ್ನಿಸಂಸ್ಕಾರ ಮಾಡಿ, ಗದ್ದುಗೆ ಸ್ಮಾರಕ ಕಟ್ಟಬೇಡಿ ಎಂದು ಮೊದಲೇ ಬರೆದಿಟ್ಟಿದ್ದರು. 2023ರ ಜನವರಿ 2ರಂದು ಅವರು ತೀರಿಕೊಂಡಾಗ ಲಕ್ಷಾಂತರ ಜನ ಬಂದರು, ಆದರೆ ಅಗ್ನಿಸಂಸ್ಕಾರವೇ ಆಯಿತು. ತನ್ನ ನಂತರ ತನ್ನ ಹೆಸರಿನಲ್ಲಿ ಕಾಯಿ ಒಡೆಯುವ ಕಲ್ಲೂ ಉಳಿಯದಂತೆ ನೋಡಿಕೊಂಡವರನ್ನು ಕಂಡ ಜಿಲ್ಲೆಗಳಿವು. ನಿಮ್ಮ ಅಜ್ಜಾವರನ್ನು ಆ ಎತ್ತರಕ್ಕೆ ಹೋಲಿಸಿ ಬೈಯಬೇಕಾಗಿಲ್ಲ. ‘ಕೇಳಿದರೆ ಶಾಪ’ ಎನ್ನುವುದು ಧರ್ಮದ ಮಾತಲ್ಲ ಎಂಬುದಷ್ಟು ನಿಮಗೆ ಖಾತ್ರಿಯಾದರೆ ಸಾಕು.

ಬುದ್ಧಿವಂತರೂ ಯಾಕೆ ನಂಬುತ್ತಾರೆ?

ಕಬ್ಬಿನ ಬಿಲ್ಲಿನಲ್ಲಿ ತೂಕದ ಒಂದು ಕಿಲೋ ವ್ಯತ್ಯಾಸ ಹಿಡಿಯುವ ಗಂಡಸು ಪುಡಿಯ ವಿಷಯದಲ್ಲಿ ಹೇಗೆ ಸುಮ್ಮನಾದ ಎಂದು ನಿಮಗೆ ಅನ್ನಿಸಿರಬಹುದು. ಅವರು ಮರುಳಾಗಿಲ್ಲ. ತಮ್ಮ ಮೈಯಲ್ಲೇ ಸಾಕ್ಷಿ ಕಂಡಿದ್ದಾರೆ, ಆ ಸಾಕ್ಷಿಯನ್ನು ತಪ್ಪಾಗಿ ಓದಿದ್ದಾರೆ.

ಮೆಟ್‌ಫಾರ್ಮಿನ್ ಬಹಳ ಜನಕ್ಕೆ ಹೊಟ್ಟೆ ಉಬ್ಬರ, ಭೇದಿ ತರುತ್ತದೆ. ಗ್ಲಿಮೆಪಿರೈಡ್ ಊಟ ತಡವಾದರೆ ಕೈ ನಡುಗಿಸುತ್ತದೆ. ಇವೆರಡನ್ನೂ ನಿಲ್ಲಿಸಿದ ವಾರದಲ್ಲೇ ಮೈ ಹಗುರವೆನಿಸುತ್ತದೆ. ಅವರು ಅನುಭವಿಸಿದ್ದು ಅಡ್ಡಪರಿಣಾಮ ಹೋದ ಸುಖ. ಹೆಸರು ಬಂದದ್ದು ಕಷಾಯಕ್ಕೆ. ಮೇಲಾಗಿ ರಕ್ತದ ಸಕ್ಕರೆ ಸುಮಾರು 180 ದಾಟುವವರೆಗೆ ಮೂತ್ರಕ್ಕೆ ಇಳಿಯುವುದಿಲ್ಲ. ಅಲ್ಲಿಯತನಕ ಪದೇ ಪದೇ ಮೂತ್ರ, ಬಾಯಾರಿಕೆ ಯಾವುದೂ ಕಾಣದು. ದಾಟಿದ ಮೇಲೂ ಲಕ್ಷಣಗಳು ಮೆಲ್ಲಗೆ ಬರುತ್ತವೆ, ಬೇಸಿಗೆಯ ಬಾಯಾರಿಕೆ ಎಂದು ತೇಲಿಸಿಬಿಡಬಹುದು. ಅದರ ಜೊತೆಗೆ ಕುಡಿತ ಬಿಟ್ಟದ್ದು, ಆಶ್ರಮದ ಸಪ್ಪೆ ಊಟ, ನಸುಕಿನ ನಡಿಗೆ ಇವು ಒಂದಷ್ಟು ಕಾಲ ಸಕ್ಕರೆಯನ್ನು ನಿಜಕ್ಕೂ ಇಳಿಸಿರಬಹುದು. ಇವೆಲ್ಲದರ ಫಲ ಒಂದು ಪೊಟ್ಟಣದ ಲೆಕ್ಕಕ್ಕೆ ಜಮೆಯಾಯಿತು.

ಎರಡನೆಯದು, ‘ನನ್ನ ಮನಸ್ಸಿನಲ್ಲಿದ್ದದ್ದನ್ನು ಹೇಳಿಬಿಟ್ಟರು’ ಎಂಬ ಬೆರಗು. 1948ರಲ್ಲಿ ಬರ್ಟ್ರಾಮ್ ಫೋರರ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞರು 39 ವಿದ್ಯಾರ್ಥಿಗಳಿಗೆ ‘ಇದು ನಿನ್ನ ಸ್ವಭಾವದ ವರದಿ’ ಎಂದು ಒಂದೊಂದು ಹಾಳೆ ಕೊಟ್ಟು ಅಂಕ ಹಾಕಿಸಿದರು. 5ಕ್ಕೆ ಸರಾಸರಿ 4.26 ಬಂತು. ಎಲ್ಲರ ಹಾಳೆಯಲ್ಲೂ ಇದ್ದದ್ದು ಒಂದೇ ಬರಹ. ‘ಹೊಲದ ಬದುವಿನದೊಂದು ತಕರಾರು ಐತಿ, ರಕ್ತಸಂಬಂಧದವರೇ ಒಬ್ಬರು ಬೆನ್ನಿಗೆ ನಿಂತಿಲ್ಲ’ ಎಂದು ನಮ್ಮ ಸೀಮೆಯ ಯಾವ ಮನೆಯವರ ಎದುರು ಹೇಳಿದರೂ ತಪ್ಪುವ ಭಯವಿಲ್ಲ. ಇನ್ನೂ ಖಚಿತವಾಗಿ ಹೇಳಿದ್ದರೆ, ಸಾಲಿನಲ್ಲಿ ನಿಂತಾಗ ಮಾತಾಡಿಸಿದ ಸೇವಕರು ಯಾರು, ಮೊದಲ ಸಲ ಕರೆದುಕೊಂಡು ಹೋದ ಪರಿಚಿತರು ಒಳಗೆ ಏನು ಹೇಳಿದ್ದರು ಎಂದು ನೆನಪಿಸಿಕೊಳ್ಳಿ.

ಮೂರನೆಯದು ಗುಂಪು. ಸತ್ಸಂಗದಲ್ಲಿ ಎದ್ದು ಮಾತಾಡುವವರು ವಾಸಿಯಾದವರು. ವಾಸಿಯಾಗದವರು ಬರುವುದನ್ನೇ ಬಿಟ್ಟಿರುತ್ತಾರೆ, ಅವರ ಮಾತು ಮೈಕಿಗೆ ಸಿಗುವುದಿಲ್ಲ. 1950ರ ದಶಕದಲ್ಲಿ ಸಾಲೊಮನ್ ಆಶ್ ನಡೆಸಿದ ಪ್ರಯೋಗಗಳಲ್ಲಿ, ಗೆರೆಗಳ ಉದ್ದ ಕಣ್ಣಿಗೆ ಸ್ಪಷ್ಟವಾಗಿ ಕಾಣುತ್ತಿದ್ದರೂ ಉಳಿದವರೆಲ್ಲ ತಪ್ಪು ಉತ್ತರ ಹೇಳಿದಾಗ ನಾಲ್ವರಲ್ಲಿ ಮೂವರು ಒಮ್ಮೆಯಾದರೂ ಗುಂಪಿನ ಮಾತಿಗೆ ತಲೆಬಾಗಿದರು. ಆದರೆ ಸರಿ ಉತ್ತರ ಹೇಳುವ ಒಬ್ಬನೇ ಒಬ್ಬ ಜೊತೆಗಿದ್ದರೆ ಹೀಗೆ ತಲೆಬಾಗುವುದು ಬಹಳ ಕಡಿಮೆಯಾಯಿತು. ನಿಮಗೆ ಇದರಿಂದ ಉಪಯೋಗವಿದೆ: ಊರಿನ ಹತ್ತು ಜನರನ್ನು ಸೇರಿಸಿ ಪಂಚಾಯಿತಿ ಮಾಡುವ ಬದಲು, ಅವರು ಬೆಲೆ ಕೊಡುವ ಒಬ್ಬ ಹಳೆಯ ಗೆಳೆಯನನ್ನು ಹುಡುಕಿ. ಆತ ಆಸ್ತಿಕನಾಗಿದ್ದರೆ ಇನ್ನೂ ಒಳ್ಳೆಯದು.

ಕೊನೆಯದು ಎಲ್ಲಕ್ಕಿಂತ ಗಟ್ಟಿ. ಸಕ್ಕರೆ ಇಳಿದರೆ ಗುರುಕೃಪೆ, ಏರಿದರೆ ನಿಮ್ಮ ಭಕ್ತಿ ಸಾಲದು. ಯಾವ ಫಲ ಬಂದರೂ ಒಂದು ಪಕ್ಷ ಸೋಲುವುದೇ ಇಲ್ಲವೆಂದರೆ ಅಲ್ಲಿ ಪರೀಕ್ಷೆ ನಡೆಯುತ್ತಿಲ್ಲ. ಹಾಗಾಗಿ ‘ಏನಾದರೆ ಏನೆಂದು ಒಪ್ಪುತ್ತೀರಿ’ ಎಂಬುದನ್ನು ಫಲಿತಾಂಶಕ್ಕೆ ಮೊದಲೇ ಬರೆದಿಡಬೇಕು.

ಅವರೊಡನೆ ಮಾತು

ಅಜ್ಜಾವರನ್ನು ಬೈದು ಶುರು ಮಾಡಿದರೆ ಅಲ್ಲಿಗೇ ಮುಗಿಯಿತು. ಎರಡು ವರ್ಷ ಕೊಟ್ಟ ಸಮಯ, ಹಣ, ಗೆಳೆಯರೆದುರು ಆಡಿದ ಮಾತು ಇವೆಲ್ಲ ಸುಳ್ಳಾಗುವುದನ್ನು ಯಾವ ಮನಸ್ಸೂ ಸುಲಭವಾಗಿ ಒಪ್ಪದು. ಒತ್ತಿದಷ್ಟೂ ಅವರು ಇನ್ನಷ್ಟು ಬಿಗಿಯಾಗುತ್ತಾರೆ. ಬಿಟ್ಟ ವ್ಯಸನವನ್ನು ಮೊದಲು ಒಪ್ಪಿಕೊಳ್ಳಿ: ‘ನೀವು ಕುಡಿಯೋದು ಬಿಟ್ಟಿದ್ದು ಖರೇನ ದೊಡ್ಡದು. ಅಲ್ಲಿಗೆ ಹೋಗಬ್ಯಾಡ್ರಿ ಅನ್ನಂಗಿಲ್ಲ. ಆದ್ರ 280 ಐತಿ ಅಂತ ಅಜ್ಜಾವರಿಗೆ ಹೇಳೀರೇನು?’

ಈ ಕೊನೆಯ ಪ್ರಶ್ನೆ ಸಣ್ಣದಲ್ಲ. ಎಷ್ಟೋ ಕಡೆ ‘ಮಾತ್ರೆ ಬಿಡಿ’ ಎಂದವರು ಗುರುಗಳೇ ಅಲ್ಲ, ಸುತ್ತಲಿನ ಸೇವಕರು. ರಿಪೋರ್ಟು ಕೈಯಲ್ಲಿ ಹಿಡಿದು ನೇರವಾಗಿ ಕೇಳಿದರೆ ‘ಡಾಕ್ಟರ್ ಮಾತ್ರೆಯೂ ಇರಲಿ’ ಎಂಬ ಉತ್ತರ ಬರುವುದುಂಟು. ಆಗ ಯಾರ ಮರ್ಯಾದೆಯೂ ಹೋಗದೆ ಮಾತ್ರೆ ಮನೆಗೆ ವಾಪಸ್ ಬರುತ್ತದೆ. ‘ಬೇಡ’ ಎಂದೇ ಹೇಳಿದರೆ, ‘ಅದನ್ನೇ ಚೀಟಿಯಲ್ಲಿ ಬರೆದು ಸಹಿ ಹಾಕಿ ಕೊಡಿ’ ಎಂದು ಯಜಮಾನರೇ ವಿನಯದಿಂದ ಕೇಳಲಿ. ಬರೆದುಕೊಡಲು ಹಿಂಜರಿದರೆ ಆ ಹಿಂಜರಿಕೆಯನ್ನು ನೀವು ವಿವರಿಸಬೇಕಾಗಿಲ್ಲ, ಅವರೇ ನೋಡಿರುತ್ತಾರೆ.

ಕಷಾಯದ ಪರೀಕ್ಷೆಗೂ ದಾರಿಯಿದೆ, ಆದರೆ ಮಾತ್ರೆ ಬಿಟ್ಟು ಪರೀಕ್ಷೆ ಬೇಡ. 280 ಇದ್ದಾಗ ಅದು ಆಟವಲ್ಲ. ವೈದ್ಯರು ಹೊಸದಾಗಿ ಬರೆದ ಮಾತ್ರೆ ನಡೆಯಲಿ. ಪುಡಿಯಿಂದ ಹಾನಿಯಿಲ್ಲವೆಂದು ಅವರು ಒಪ್ಪಿದರೆ ಅದೂ ನಡೆಯಲಿ. ಮನೆಯ ಗ್ಲುಕೋಮೀಟರಿನಲ್ಲಿ ಖಾಲಿ ಹೊಟ್ಟೆಯದು ಮತ್ತು ಊಟವಾಗಿ ಎರಡು ತಾಸಿನದು ಒಂದು ವಹಿಯಲ್ಲಿ ಬರೆಯಿರಿ. ಈಗೊಮ್ಮೆ, ಮೂರು ತಿಂಗಳಿಗೊಮ್ಮೆ ಎಚ್‌ಬಿಎ1ಸಿ ಮಾಡಿಸಿ. ಹಿಂದಿನ ಎರಡು ಮೂರು ತಿಂಗಳ ಸರಾಸರಿಯನ್ನು ಅದು ಹೇಳುತ್ತದೆ. 7 ಎಂದರೆ ಸರಾಸರಿ 154, 9 ಎಂದರೆ 212, 11 ಎಂದರೆ 269. ಮಾತ್ರೆ ಸ್ಥಿರವಾದ ಮೇಲೂ ಸಕ್ಕರೆ ಇಳಿಯುತ್ತಲೇ ಹೋದರೆ ವೈದ್ಯರೇ ಮಾತ್ರೆ ಕಡಿಮೆ ಮಾಡುತ್ತಾರೆ. ಅದು ಪುಡಿಯಿಂದಲೋ ಪಥ್ಯದಿಂದಲೋ ಎಂದು ಆಗ ಜಗಳವಾಡಿಕೊಳ್ಳಿ, ಅಪಾಯವಿಲ್ಲ.

ಆದರೂ ವೈದ್ಯರ ಬಳಿ ಬರಲು ಒಪ್ಪದಿದ್ದರೆ? ಸ್ಥಿಮಿತದಲ್ಲಿರುವ ವಯಸ್ಕರಿಗೆ ಬಲವಂತದ ಚಿಕಿತ್ಸೆ ಕೊಡಲು ಬರುವುದಿಲ್ಲ. ಬಾಗಿಲು ತೆರೆದಿಟ್ಟು, ಮೇಲೆ ಹೇಳಿದ ಅಪಾಯದ ಲಕ್ಷಣಗಳನ್ನು ಕಾಯುವುದೇ ಉಳಿದ ದಾರಿ. ಒಂದು ವಿನಾಯಿತಿ ಇದೆ. ಇತ್ತೀಚೆಗೆ ನಿದ್ದೆ ಮೂರು ನಾಲ್ಕು ತಾಸಿಗೆ ಇಳಿದು, ದಣಿವಿಲ್ಲದೆ ಮಾತು ಹೆಚ್ಚಾಗಿ, ‘ನನಗೆ ವಿಶೇಷ ಶಕ್ತಿ ಬಂದಿದೆ’ ಎನ್ನುವುದೋ ಕಂಡಕಂಡವರಿಗೆ ದಾನ ಮಾಡುವುದೋ ಶುರುವಾಗಿದ್ದರೆ ಅದು ಭಕ್ತಿಯಲ್ಲದೆ ಉನ್ಮಾದದ ಕಾಯಿಲೆಯೂ ಆಗಿರಬಹುದು. ಐವತ್ತರ ನಂತರ ಸ್ವಭಾವವೇ ಬದಲಾದರೆ ಮಿದುಳಿನ ತಪಾಸಣೆಯೂ ಬೇಕು. ಧಾರವಾಡದ ಸರ್ಕಾರಿ ಮಾನಸಿಕ ಆಸ್ಪತ್ರೆ ಡಿಮ್ಹಾನ್ಸ್‌ನಲ್ಲಾಗಲಿ ಜಿಲ್ಲಾ ಆಸ್ಪತ್ರೆಯ ಮನೋವೈದ್ಯ ವಿಭಾಗದಲ್ಲಾಗಲಿ ತೋರಿಸಿ. ಭಕ್ತಿ ಮಾತ್ರ ಇದ್ದರೆ ನಾವು ಅದಕ್ಕೆ ಮಾತ್ರೆ ಬರೆಯುವುದಿಲ್ಲ, ಹೆದರಬೇಡಿ.

ಎರಡು ಎಕರೆ

ಇಲ್ಲಿ ತಡ ಮಾಡಬೇಡಿ. ಸಕ್ಕರೆಯನ್ನು ಮತ್ತೆ ಇಳಿಸಬಹುದು. ನೋಂದಣಿಯಾದ ದಾನಪತ್ರ ಹಾಗಲ್ಲ. ಇಬ್ಬರು ಸಾಕ್ಷಿಗಳ ಸಹಿಯೊಂದಿಗೆ ನೋಂದಣಿಯಾಗಿ, ಪಡೆದವರು ಸ್ವೀಕರಿಸಿದ ಮೇಲೆ ‘ಮನಸ್ಸು ಬದಲಾಯಿತು’ ಎಂದು ಹಿಂದೆ ಪಡೆಯಲು ಆಸ್ತಿ ವರ್ಗಾವಣೆ ಕಾಯ್ದೆ ಬಿಡುವುದಿಲ್ಲ.

ಮೊದಲು ಉತಾರ (ಪಹಣಿ) ತೆಗೆಸಿ, ಜಮೀನು ಹೇಗೆ ಬಂದದ್ದು ನೋಡಿ. ಪಿತ್ರಾರ್ಜಿತವಾಗಿದ್ದರೆ ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿಯಿಂದ ಮಗಳಿಗೂ ಹುಟ್ಟಿನಿಂದಲೇ ಪಾಲಿದೆ. ಧರ್ಮಕಾರ್ಯಕ್ಕೆಂದು ಕುಟುಂಬದ ಯಜಮಾನ ದಾನ ಕೊಡಬಹುದಾದದ್ದು ಒಟ್ಟು ಆಸ್ತಿಗೆ ತಕ್ಕ ಸಣ್ಣ ಭಾಗವನ್ನಷ್ಟೇ. ಸ್ವಯಾರ್ಜಿತವಾಗಿದ್ದರೆ ಕೊಡುವ ಹಕ್ಕು ಅವರದು. ಇಲ್ಲಿ ಸಾಮಾನ್ಯವಾಗಿ ಆಗುವ ತಪ್ಪೆಂದರೆ ಉಪನೋಂದಣಿ ಕಚೇರಿಗೆ ತಕರಾರು ಅರ್ಜಿ ಕೊಟ್ಟು ಕೆಲಸವಾಯಿತೆಂದು ಕೂರುವುದು. ಬರೀ ಅರ್ಜಿಯ ಮೇಲೆ ನೋಂದಣಿ ನಿಲ್ಲುತ್ತದೆಂದು ನಂಬಿಕೊಳ್ಳಬೇಡಿ, ಗಟ್ಟಿ ತಡೆ ಸಿವಿಲ್ ಕೋರ್ಟಿನ ತಡೆಯಾಜ್ಞೆ. ಅದಕ್ಕೆ ಮಗಳು ಪಾಲಿನ ದಾವೆ ಹಾಕಬೇಕಾಗಬಹುದು, ಅಪ್ಪ ಮಗಳ ಮಾತು ನಿಂತುಹೋಗುವ ಬೆಲೆ ಅದಕ್ಕಿದೆ. ಆದ್ದರಿಂದ ಮೊದಲು ಮೃದುವಾದ ದಾರಿ ನೋಡಿ. ದಾನಪತ್ರದ ಬದಲು ಮೃತ್ಯುಪತ್ರ (ವಿಲ್) ಬರೆಯಲಿ, ಜೀವ ಇರುವತನಕ ಅದನ್ನು ಬದಲಿಸಬಹುದು. ಅಥವಾ ಹೊಲ ಹೆಸರಿನಲ್ಲೇ ಉಳಿದು, ವರ್ಷಕ್ಕೊಮ್ಮೆ ಕಬ್ಬಿನ ಬಿಲ್ಲಿನಲ್ಲಿ ಒಂದು ಪಾಲು ಆಶ್ರಮಕ್ಕೆ ಹೋಗಲಿ, ಚೆಕ್ಕಿನಲ್ಲಿ, ರಸೀದಿಯೊಂದಿಗೆ. ಸೇವೆಯೇ ಉದ್ದೇಶವಾಗಿದ್ದರೆ ಆಶ್ರಮಕ್ಕೆ ಇದು ಸಾಕಾಗಬೇಕು. ‘ಉತಾರದಲ್ಲೇ ಹೆಸರು ಬರಬೇಕು, ಈ ಅಮಾವಾಸ್ಯೆಯೊಳಗೇ’ ಎಂದರೆ ಆ ಅವಸರ ಯಾರದೆಂದು ಯಜಮಾನರನ್ನು ಕೇಳಿ. ಖಾಲಿ ಬಾಂಡ್ ಪೇಪರಿಗೂ, ಅಧಿಕಾರಪತ್ರಕ್ಕೂ (ಪವರ್ ಆಫ್ ಅಟಾರ್ನಿ) ಮನೆಯ ಯಾರೂ ಸಹಿ ಹಾಕಬೇಡಿ.

ನೋಂದಣಿ ಆಗಿಯೇಹೋದರೂ ಬಾಗಿಲು ಪೂರ್ತಿ ಮುಚ್ಚಿಲ್ಲ. ಮನಸ್ಸಿನ ಮೇಲೆ ಹಿಡಿತ ಇರುವವರು ಅದನ್ನು ಬಳಸಿ ಬರೆಸಿಕೊಂಡದ್ದನ್ನು ಕಾನೂನು ಅನುಚಿತ ಪ್ರಭಾವ ಎನ್ನುತ್ತದೆ. ವಯಸ್ಸಾದ ಶಿಷ್ಯನೊಬ್ಬ ಪರಲೋಕದ ಪುಣ್ಯಕ್ಕೆಂದು ಇಡೀ ಆಸ್ತಿಯನ್ನು ಗುರುವಿಗೆ ಬರೆದುಕೊಟ್ಟ ಪ್ರಕರಣದಲ್ಲಿ ಅಲಾಹಾಬಾದ್ ಹೈಕೋರ್ಟ್ 1890ರಷ್ಟು ಹಿಂದೆಯೇ, ವ್ಯವಹಾರ ನ್ಯಾಯವಾಗಿತ್ತೆಂದು ತೋರಿಸುವ ಹೊಣೆ ಗುರುವಿನದೇ ಎಂದಿತು. ಆದರೆ ದಾವೆ ಹೂಡಬೇಕಾದವರು ಯಜಮಾನರೇ, ಸಂಗತಿ ತಿಳಿದ ಮೂರು ವರ್ಷದೊಳಗೆ, ಮತ್ತು ಅದು ವರ್ಷಗಟ್ಟಲೆ ನಡೆಯುತ್ತದೆ. ವಕೀಲರ ಫೀಸಿನ ಚಿಂತೆ ಬೇಡ: ಆದಾಯ ಎಷ್ಟೇ ಇರಲಿ, ಮಹಿಳೆಯರಿಗೆ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದಿಂದ ಉಚಿತ ನೆರವು ಸಿಗುತ್ತದೆ. ಸಹಾಯವಾಣಿ 15100. ಸಕ್ಕರೆ ಕಾಯಿಲೆ ಗುಣಪಡಿಸುತ್ತೇವೆಂದು ಆಶ್ರಮದವರು ಹಂಚಿದ ಕರಪತ್ರ, ವಾಟ್ಸ್ಆ್ಯಪ್ ಚಿತ್ರ ಇದ್ದರೆ ಎತ್ತಿಡಿ. ಸಕ್ಕರೆ ಕಾಯಿಲೆಗೆ ಅಂಥ ಜಾಹೀರಾತು ಕೊಡುವುದು 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ (ಆಕ್ಷೇಪಾರ್ಹ ಜಾಹೀರಾತು) ಕಾಯ್ದೆಯಡಿ ಅಪರಾಧ.

ಮಗಳ ವಿಷಯ ಚಿಕ್ಕದು. ಅವಳಿಗೆ 20. ಹೋಗುವುದೂ ಬಿಡುವುದೂ ಅವಳ ನಿರ್ಧಾರ. ಅಪ್ಪನದಲ್ಲ, ಗುರುವಿನದಲ್ಲ, ನಿಮ್ಮದೂ ಅಲ್ಲ. ಅಪ್ಪ ಎದುರಿಲ್ಲದಾಗ ಒಮ್ಮೆ ಕೇಳಿ. ಅವಳೇ ಹೋಗುತ್ತೇನೆ ಎಂದರೆ ಡಿಗ್ರಿ ಮುಗಿಯಲಿ ಎನ್ನಿ. ಅಲ್ಲಿ ಫೋನು ಅವಳ ಬಳಿಯೇ ಇರುತ್ತದೆಯೇ, ಹೆಣ್ಣುಮಕ್ಕಳ ಮಲಗುವ ಜಾಗದ ಜವಾಬ್ದಾರಿ ಯಾರದು, ಯಾವ ದಿನ ಬೇಕಾದರೂ ಯಾರನ್ನೂ ಕೇಳದೆ ಮನೆಗೆ ಬರಬಹುದೇ ಎಂದು ನೀವೇ ಹೋಗಿ ನೋಡಿ ಬನ್ನಿ. ಆಧಾರ್, ಮಾರ್ಕ್ಸ್‌ಕಾರ್ಡಿನ ಮೂಲಪ್ರತಿ ಕೊಡಿ ಎಂದರೆ ಕೊಡಬೇಡಿ.

ಇನ್ನು ನಿಮ್ಮ ಹೆದರಿಕೆ. ಅದನ್ನು ಬರೆದದ್ದು ಒಳ್ಳೆಯದಾಯಿತು. ಬೇಸಾಯದ ಮನೆಯಲ್ಲಿ ಬರುವ ಎರಡು ವರ್ಷದಲ್ಲಿ ಏನಾದರೊಂದು ಕೆಟ್ಟದ್ದು ಆಗಿಯೇ ಆಗುತ್ತದೆ: ಎಮ್ಮೆ ಸಾಯುತ್ತದೆ, ಕಬ್ಬು ಒಣಗುತ್ತದೆ, ಘಟಪ್ರಭೆ ಏರಿ ಹೊಲ ಮುಳುಗುತ್ತದೆ, ಯಾರೋ ಬೈಕಿನಿಂದ ಬೀಳುತ್ತಾರೆ. ಶಾಪದ ಮಾತು ಕಿವಿಯಲ್ಲಿದ್ದರೆ ಮನಸ್ಸು ಅದಕ್ಕೇ ಗಂಟು ಹಾಕುತ್ತದೆ. ಶಾಪ ಹಾಕದೆ ಇದ್ದ ಹಿಂದಿನ ಎರಡು ವರ್ಷಗಳ ನಷ್ಟವನ್ನು ಒಂದು ಹಾಳೆಯಲ್ಲಿ ಬರೆದು ನೋಡಿ. ಇದನ್ನು ತೆಗೆಯಲೆಂದು ಇನ್ನೊಬ್ಬರ ಬಳಿ ಹೇಳಿಕೆ ಕೇಳಲು, ತಡೆ ಒಡೆಸಲು ಮಾತ್ರ ಹೋಗಬೇಡಿ, ಖರ್ಚು ಎರಡಾಗುತ್ತದೆ, ಹೆದರಿಕೆ ಉಳಿಯುತ್ತದೆ. ರಾತ್ರಿ ನಿದ್ದೆ ಹಾರುತ್ತಿದ್ದರೆ 14416ಕ್ಕೆ ಕರೆ ಮಾಡಿ. ಅದು ಸರ್ಕಾರದ ಟೆಲಿ ಮಾನಸ್, ಉಚಿತ, ಕನ್ನಡದಲ್ಲೇ ಮಾತಾಡಬಹುದು. ಮತ್ತು ಒಂದು ಸಂಗತಿ ತಿಳಿದಿರಲಿ. ದೇವರ ಅವಕೃಪೆಗೆ ಗುರಿಯಾಗುತ್ತೀರಿ ಎಂದು ನಂಬಿಸಿ, ಮಾಡಬೇಕಾಗಿಲ್ಲದ ಕೆಲಸವನ್ನು ಒಬ್ಬರಿಂದ ಮಾಡಿಸುವುದು ಭಾರತೀಯ ನ್ಯಾಯ ಸಂಹಿತೆಯ 354ನೇ ಕಲಮಿನಲ್ಲಿ ಅಪರಾಧ, ಒಂದು ವರ್ಷದವರೆಗೆ ಶಿಕ್ಷೆಯಿದೆ. ನಾಳೆಯೇ ಠಾಣೆಗೆ ಹೋಗಿ ಎನ್ನುತ್ತಿಲ್ಲ. ಹೋದರೆ ಯಜಮಾನರೊಂದಿಗಿನ ಮಾತಿನ ದಾರಿ ಮುಚ್ಚುತ್ತದೆ. ಆದರೆ ಹೊಲ ಬರೆಯದಿದ್ದರೆ ಶಾಪ ಎಂದು ಯಾರಾದರೂ ನಿಮ್ಮೆದುರು ಆಡಿದರೆ ದಿನಾಂಕ, ಜಾಗ, ಆಡಿದವರ ಹೆಸರು, ಪಕ್ಕದಲ್ಲಿ ಯಾರಿದ್ದರು ಎಂಬುದನ್ನು ಅವತ್ತೇ ಬರೆದಿಟ್ಟುಕೊಳ್ಳಿ.